ಕಡಿಮೆ ಬೆಲೆಯ ಅಕೌಸ್ಟಿಕ್ ಗಿಟಾರ್‌ನ ಮೌಲ್ಯ ನಿರ್ಣಯ

ಕಡಿಮೆ ಬೆಲೆಯ ಅಕೌಸ್ಟಿಕ್ ಗಿಟಾರ್‌ನ ಮೌಲ್ಯ ನಿರ್ಣಯ ಎಂದರೆ, ವಿದ್ಯುತ್ತಿನ ನೆರವಿಲ್ಲದೆ ಮರದ ಒಡಲಿನಿಂದಲೇ ನಾದ ಹೊಮ್ಮಿಸುವ ಗಿಟಾರ್ ತನ್ನ ಬೆಲೆಗೆ ತಕ್ಕುದಾಗಿದೆಯೇ ಎಂಬುದನ್ನು ಅಳತೆ, ಪರೀಕ್ಷೆ ಮತ್ತು ಆಲಿಕೆಯ ಮೂಲಕ ತಿಳಿಯುವ ಕ್ರಮ. ದುಬಾರಿ ವಾದ್ಯಗಳಲ್ಲಿ ನಾದದ ಗುಣ ಬೆಲೆಯನ್ನು ನಿರ್ಧರಿಸುತ್ತದೆ. ಅಗ್ಗದ ವಾದ್ಯದಲ್ಲಾದರೋ ಮೊದಲು ನೋಡಬೇಕಾದುದು ಅದನ್ನು ನುಡಿಸಲು ಸಾಧ್ಯವೇ, ಅದು ಶ್ರುತಿಯಲ್ಲಿ ನಿಲ್ಲುತ್ತದೆಯೇ ಎಂಬ ಎರಡು ಅಂಶಗಳನ್ನು. ಇವೆರಡೂ ಸರಿಯಿಲ್ಲದ ವಾದ್ಯ ಎಷ್ಟು ಅಗ್ಗವಾದರೂ ಕಲಿಯುವವರಿಗೆ ನಷ್ಟವೇ ಸರಿ.

ಹಿನ್ನೆಲೆ

ಬೆಂಗಳೂರಿನ ದಕ್ಷಿಣ ಭಾಗ ಬಹುಕಾಲದಿಂದ ಕರ್ನಾಟಕ ಸಂಗೀತದ ನೆಲೆಯಾಗಿದೆ. 1905ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಗಾಯನ ಸಮಾಜ ಇರುವುದು ಕೃಷ್ಣರಾಜೇಂದ್ರ ರಸ್ತೆಯಲ್ಲಿ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ವೀಣೆ, ಪಿಟೀಲುಗಳಿದ್ದ ಎಷ್ಟೋ ಮನೆಗಳಿಗೆ ಈಗ ಗಿಟಾರ್ ಕೂಡ ಬಂದಿದೆ. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರ್‌ನೊಂದಿಗೆ ಹಾಡಿದ ಮೇಲೆ ಈ ವಾದ್ಯ ಕನ್ನಡದ ಕಿವಿಗೆ ಇನ್ನಷ್ಟು ಹತ್ತಿರವಾಯಿತು.

ಖರೀದಿಗೆ ಮೂರು ದಾರಿಗಳಿವೆ: ಬಡಾವಣೆಯ ಅಂಗಡಿ, ಅಂತರಜಾಲ ಮಾರಾಟ ಮತ್ತು ಹಳೆಯ ಪೇಟೆ. ವಾದ್ಯಗಳ ಅಂಗಡಿಗಳಿಗೆ ಹೆಸರಾದ ಬಳೇಪೇಟೆಯು ಚಿಕ್ಕಪೇಟೆ ಮೆಟ್ರೋ ನಿಲ್ದಾಣದ ಸಮೀಪದಲ್ಲಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರ ನಿಲ್ದಾಣಗಳೂ ಅದೇ ಹಸಿರು ಮಾರ್ಗದಲ್ಲಿ ಇರುವುದರಿಂದ ನಾಲ್ಕಾರು ವಾದ್ಯಗಳನ್ನು ಕೈಯಲ್ಲಿ ಹಿಡಿದು ನೋಡುವುದು ಕಷ್ಟವಲ್ಲ. ಒಂದೇ ಮಾದರಿಯ ಎರಡು ಅಗ್ಗದ ಗಿಟಾರ್‌ಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಮಾದರಿಯ ಹೆಸರಿಗಿಂತ ಕೈಯಲ್ಲಿರುವ ವಾದ್ಯದ ಪರೀಕ್ಷೆ ಮುಖ್ಯ.

ರಚನೆ ಮತ್ತು ಎಳೆತ

ಗಿಟಾರ್‌ನ ಆರು ತಂತಿಗಳನ್ನು ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ, ಬಿ, ಇ ಸ್ವರಗಳಿಗೆ ಕೂಡಿಸುತ್ತಾರೆ. ಇವುಗಳ ಕಂಪನ ಸೆಕೆಂಡಿಗೆ ಸುಮಾರು 82ರಿಂದ 330ರವರೆಗೆ ಇರುತ್ತದೆ. ಉಕ್ಕಿನ ತಂತಿಗಳ ಸಾಮಾನ್ಯ ಜೋಡಣೆಯಲ್ಲಿ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮ. ನೈಲಾನ್ ತಂತಿಗಳಲ್ಲಿ ಇದು ಸುಮಾರು 40 ಕಿಲೋಗ್ರಾಂ. ನೈಲಾನ್ ತಂತಿಗಾಗಿ ಮಾಡಿದ ಗಿಟಾರ್‌ಗೆ ಉಕ್ಕಿನ ತಂತಿ ಹಾಕಿದರೆ ಕುದುರೆ ಕಿತ್ತು ಬರುವುದು ಇದೇ ಕಾರಣದಿಂದ.

ಈ ಎಳೆತಕ್ಕೆ ದಂಡಿ ಕ್ರಮೇಣ ಮುಂದಕ್ಕೆ ಬಾಗುತ್ತದೆ. ಅದನ್ನು ಸರಿಪಡಿಸಲು ಉಕ್ಕಿನ ತಂತಿಯ ಗಿಟಾರ್‌ಗಳ ದಂಡಿಯೊಳಗೆ ಟ್ರಸ್ ರಾಡ್ ಎಂಬ ತಿರುಚಬಲ್ಲ ಲೋಹದ ಸರಳನ್ನು ಇಡುತ್ತಾರೆ. ಅತ್ಯಂತ ಅಗ್ಗದ ಕೆಲವು ಗಿಟಾರ್‌ಗಳಲ್ಲಿ ಇದು ಇರುವುದಿಲ್ಲ, ಅಥವಾ ಇದ್ದರೂ ತಿರುಗುವುದಿಲ್ಲ. ಉಕ್ಕಿನ ತಂತಿಯ ವಾದ್ಯವನ್ನು ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ವೀಣೆಯೊಂದಿಗೆ ಹೋಲಿಸಿದರೆ ಇನ್ನೊಂದು ಮಿತಿ ಸ್ಪಷ್ಟವಾಗುತ್ತದೆ. ವೀಣೆಯ ಮೆಟ್ಟುಗಳು ಮೇಣದ ಮೇಲೆ ಕುಳಿತಿರುತ್ತವೆ. ಮೇಳ ಕಟ್ಟುವವರು ಅವುಗಳನ್ನು ಸರಿಸಿ ಸ್ವರಸ್ಥಾನವನ್ನು ತಿದ್ದಬಲ್ಲರು. ಗಿಟಾರ್‌ನ ಮೆಟ್ಟುಗಳನ್ನು ಮರದ ಗಾಡಿಯಲ್ಲಿ ಬಿಗಿಯಾಗಿ ಕೂಡಿಸಿರುತ್ತಾರೆ. ಕಾರ್ಖಾನೆಯಲ್ಲಿ ತಪ್ಪಿದ ಮೆಟ್ಟಿನ ಸ್ಥಾನವನ್ನು ಆಮೇಲೆ ತಿದ್ದುವುದು ಅಗ್ಗದ ವಾದ್ಯದ ಬೆಲೆಯಲ್ಲಿ ಆಗುವ ಕೆಲಸವಲ್ಲ.

ತಂತಿಯ ಎತ್ತರ

ಮೆಟ್ಟಿನ ಮೇಲ್ಭಾಗಕ್ಕೂ ತಂತಿಯ ಕೆಳಭಾಗಕ್ಕೂ ನಡುವಿನ ಅಂತರವನ್ನು ಆಕ್ಷನ್ ಎಂದು ಕರೆಯುತ್ತಾರೆ. ಇದನ್ನು 12ನೆಯ ಮೆಟ್ಟಿನ ಮೇಲೆ ಅಳೆಯುವುದು ವಾಡಿಕೆ. ಉಕ್ಕಿನ ತಂತಿಯ ಗಿಟಾರ್‌ನಲ್ಲಿ ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ತೆಳು ತಂತಿಗೆ ಸುಮಾರು 2 ಮಿಲಿಮೀಟರ್ ಹಿತವಾದ ಅಳತೆ. 3.5 ಮಿಲಿಮೀಟರ್ ಮೀರಿದರೆ ಎಳೆಯ ಬೆರಳುಗಳಿಗೆ ತಂತಿ ಒತ್ತುವುದೇ ದೊಡ್ಡ ಶ್ರಮ. ಶಾಲೆಯ ಜಾಮಿಟ್ರಿ ಬಾಕ್ಸ್‌ನ ಅಳತೆಪಟ್ಟಿಯಲ್ಲಿ ಸೊನ್ನೆಗೆ ಮುನ್ನ ಸ್ವಲ್ಪ ಖಾಲಿ ಅಂಚು ಇರುವುದರಿಂದ, ಅಂಚಿನಿಂದಲೇ ಸೊನ್ನೆ ಆರಂಭವಾಗುವ ಉಕ್ಕಿನ ಪಟ್ಟಿ ಈ ಅಳತೆಗೆ ಸೂಕ್ತ.

ಕಲಿಕೆಯ ಮೊದಲ ವಾರಗಳಲ್ಲಿ ಬೆರಳ ತುದಿ ನೋಯುವುದು ಸಹಜ; ಚರ್ಮ ಗಟ್ಟಿಯಾದಂತೆ ನೋವು ಇಳಿಯುತ್ತದೆ. ಆದರೆ ತಂತಿ ವಿಪರೀತ ಎತ್ತರದಲ್ಲಿದ್ದರೆ ನೋವು ಇಳಿಯದು, ಸ್ವರವೂ ಸ್ಪಷ್ಟವಾಗದು. ಇಂಥ ಸಂದರ್ಭದಲ್ಲಿ ಮಗುವಿಗೆ ಸಂಗೀತದ ಒಲವಿಲ್ಲ, ಶ್ರದ್ಧೆಯಿಲ್ಲ ಎಂದು ಮನೆಯವರು ತೀರ್ಮಾನಿಸುವುದುಂಟು. ಮಗುವೂ ಅದನ್ನೇ ನಂಬುತ್ತದೆ. ದೋಷ ಒಂದೂವರೆ ಮಿಲಿಮೀಟರ್‌ನಷ್ಟು ಅಂತರದಲ್ಲಿತ್ತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಎತ್ತರವನ್ನು ತಗ್ಗಿಸಲು ಕುದುರೆಯ ಮೇಲಿನ ಸ್ಯಾಡಲ್ ಎಂಬ ಬಿಳಿಯ ಪಟ್ಟಿಯ ತಳವನ್ನು ಉಜ್ಜುತ್ತಾರೆ. 12ನೆಯ ಮೆಟ್ಟು ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ 1 ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಮಿಲಿಮೀಟರ್ ಇಳಿಸಬೇಕು. ಉದಾಹರಣೆಗೆ, ಅಳತೆ 4 ಮಿಲಿಮೀಟರ್ ಇದ್ದು ಅದನ್ನು 2.8ಕ್ಕೆ ತರಬೇಕಾದರೆ ಸ್ಯಾಡಲ್ 2.4 ಮಿಲಿಮೀಟರ್ ತಗ್ಗಬೇಕು. ಕುದುರೆಯ ಮೇಲೆ ಸ್ಯಾಡಲ್ 4 ಮಿಲಿಮೀಟರ್ ಕಾಣುತ್ತಿದ್ದರೆ ಇದು ಸಣ್ಣ ರಿಪೇರಿ. 2 ಮಿಲಿಮೀಟರ್ ಮಾತ್ರ ಕಾಣುತ್ತಿದ್ದರೆ ತಿದ್ದಲು ಅವಕಾಶವೇ ಇಲ್ಲ. ದಂಡಿಯನ್ನು ಒಡಲಿಗೆ ಕೂಡಿಸಿದ ಕೋನವೇ ತಪ್ಪಿದೆ ಎಂದರ್ಥ. ಅಗ್ಗದ ಗಿಟಾರ್‌ನಲ್ಲಿ ಕುದುರೆಯ ಮೇಲೆ ಉಳಿದಿರುವ ಸ್ಯಾಡಲ್‌ನ ಎತ್ತರವನ್ನು ಅದರ ಆಯುಷ್ಯದ ಉಳಿತಾಯವೆಂದೇ ಎಣಿಸಬಹುದು.

ದಂಡಿಯ ತುದಿಯಲ್ಲಿ ತಂತಿಗಳು ಹಾದುಹೋಗುವ ನಟ್ ಎಂಬ ಪಟ್ಟಿಯನ್ನೂ ನೋಡಬೇಕು. 2 ಮತ್ತು 3ನೆಯ ಮೆಟ್ಟುಗಳ ನಡುವೆ ತಂತಿಯನ್ನು ಒತ್ತಿ ಹಿಡಿದಾಗ 1ನೆಯ ಮೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದು ಉಳಿದರೆ ಸರಿ. ಸಂದು ದೊಡ್ಡದಾಗಿದ್ದರೆ, ಆರಂಭದ ಪಾಠಗಳ ಸ್ವರಗಳೇ ಒತ್ತಲು ಕಷ್ಟವಾಗಿ, ಶ್ರುತಿಗಿಂತ ಮೇಲಕ್ಕೂ ಹೋಗುತ್ತವೆ. ನಟ್‌ನ ಗಾಡಿಗಳನ್ನು ಅರದಿಂದ ಆಳಗೊಳಿಸಿ ಇದನ್ನು ಸರಿಪಡಿಸಬಹುದು.

ಶ್ರುತಿಶುದ್ಧಿ

ಮೆಟ್ಟುಗಳ ಸ್ಥಾನ ನಿಶ್ಚಿತವಾದ ಗಣಿತಕ್ಕೆ ಬದ್ಧ. ಪ್ರತಿ ಮೆಟ್ಟು ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದಷ್ಟು ಮುಂದೆ ಬರುತ್ತದೆ. 648 ಮಿಲಿಮೀಟರ್ ಉದ್ದದ ತಂತಿಗೆ ಮೊದಲ ಮೆಟ್ಟು ನಟ್‌ನಿಂದ ಸುಮಾರು 36.4 ಮಿಲಿಮೀಟರ್ ದೂರದಲ್ಲಿ, 12ನೆಯದು 324 ಮಿಲಿಮೀಟರ್ ದೂರದಲ್ಲಿ ಇರಬೇಕು.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲು ಮೊಬೈಲ್ ಫೋನಿನ ಟ್ಯೂನರ್ ಆ್ಯಪ್ ಸಾಕು. 12ನೆಯ ಮೆಟ್ಟಿನ ನೇರ ಮೇಲೆ ತಂತಿಯನ್ನು ಹಗುರವಾಗಿ ತಾಗಿಸಿ ಮೀಟಿದಾಗ ಬರುವ ನಾದವೂ, ಅದೇ ಮೆಟ್ಟಿನಲ್ಲಿ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಅರ್ಧ ಸ್ವರವನ್ನು 100 ಸೆಂಟ್‌ಗಳಾಗಿ ಭಾಗಿಸಿದರೆ, ಇವೆರಡರ ವ್ಯತ್ಯಾಸ 5 ಸೆಂಟ್‌ನೊಳಗೆ ಇದ್ದಲ್ಲಿ ಉತ್ತಮ. 10 ಮೀರಿದರೆ ಕಾರ್ಡ್‌ಗಳು ಅಪಶ್ರುತಿಯಾಗಿ ಕೇಳುತ್ತವೆ. ಹಳೆಯ, ತುಕ್ಕು ಹಿಡಿದ ತಂತಿಯೂ ತಪ್ಪು ತೋರಿಸುವುದರಿಂದ ಹೊಸ ತಂತಿಯ ಮೇಲೆ ಪರೀಕ್ಷಿಸುವುದು ಒಳಿತು.

ಬಿರಡೆಗಳನ್ನು ತಿರುಗಿಸಿದಾಗ ಜಾರದೆ, ಸಡಿಲವಾಗಿ ಆಡದೆ ಒಂದೇ ಸಮನೆ ಚಲಿಸಬೇಕು. ಹತ್ತು ನಿಮಿಷ ನುಡಿಸಿದ ಬಳಿಕ ಶ್ರುತಿಯನ್ನು ಮತ್ತೊಮ್ಮೆ ನೋಡಬೇಕು. ಆದರೆ ಹೊಸ ತಂತಿಗಳು ಮೊದಲ ಒಂದೆರಡು ದಿನ ಹಿಗ್ಗುವುದು ಸ್ವಾಭಾವಿಕ. ಅದನ್ನು ಬಿರಡೆಯ ದೋಷವೆಂದು ಎಣಿಸಬಾರದು.

ಮರ ಮತ್ತು ಬೆಲೆ

ನಾದಕ್ಕೆ ಮುಖ್ಯ ಆಧಾರ ಮೇಲ್ಹಲಗೆ. ಅದು ಒಂದೇ ಮರದ ಹಲಗೆಯಾಗಿದ್ದರೆ ನಾದ ಹೆಚ್ಚು ತುಂಬಿ ಬರುತ್ತದೆ. ತೆಳು ಪದರಗಳನ್ನು ಅಂಟಿಸಿದ ಪ್ಲೈವುಡ್ ಆಗಿದ್ದರೆ ನಾದ ಸ್ವಲ್ಪ ಕುಗ್ಗಿದರೂ ಬಾಳಿಕೆ ಹೆಚ್ಚು. ನಾದರಂಧ್ರದ ಅಂಚನ್ನು ನೋಡಿದರೆ ಇದು ತಿಳಿಯುತ್ತದೆ: ಮೇಲಿನ ಮರದ ಗೆರೆಗಳು ದಪ್ಪದಲ್ಲೂ ಮುಂದುವರಿದಿದ್ದರೆ ಒಂದೇ ಹಲಗೆ, ಅಡ್ಡ ಪದರಗಳು ಕಂಡರೆ ಪ್ಲೈವುಡ್. ಯಮಹಾ ಕಂಪನಿಯ ಎಫ್310 ಮಾದರಿ ಎರಡನೆಯ ಬಗೆಯದು, ಎಫ್‌ಜಿ800 ಮೊದಲನೆಯ ಬಗೆಯದು. ಬೆಲೆಯ ಅಂತರಕ್ಕೆ ಇದೊಂದು ಮುಖ್ಯ ಕಾರಣ.

ಹಿಂಬದಿ ಮತ್ತು ಪಕ್ಕದ ಹಲಗೆಗಳ ಮರವನ್ನು ಮಾರಾಟಗಾರರು ಹೆಚ್ಚು ಹೊಗಳುವುದುಂಟು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಮರಕ್ಕೆ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರಿದೆ. ಬ್ರೆಜಿಲ್‌ನ ರೋಸ್‌ವುಡ್ ದುರ್ಲಭವಾದಾಗ, 1969ರ ಸುಮಾರಿಗೆ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. ಆದರೆ ಈ ಮರದಿಂದ ನಾದದಲ್ಲಾಗುವ ವ್ಯತ್ಯಾಸ ಬೆಲೆಯ ವ್ಯತ್ಯಾಸದಷ್ಟಿಲ್ಲ. ಸ್ಪೇನಿನ ಆಂಟೋನಿಯೊ ದೆ ಟೋರೆಸ್ 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಉತ್ತಮ ಮರದಲ್ಲಿ ಇಟ್ಟು ಒಂದು ಗಿಟಾರ್ ತಯಾರಿಸಿದ್ದರು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಬದಿ ಮತ್ತು ಪಕ್ಕದ ಮರವಷ್ಟೇ ಬೇರೆಯಾಗಿದ್ದ 6 ಗಿಟಾರ್‌ಗಳನ್ನು 52 ವಾದಕರು ನೋಡದೆ ನುಡಿಸಿದರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ.

ಒಂದೇ ಬೆಲೆಯ ಎರಡು ಗಿಟಾರ್‌ಗಳಲ್ಲಿ ಒಂದಕ್ಕೆ ಪಿಕಪ್ ಮತ್ತು ಧ್ವನಿ ಹೊಂದಿಸುವ ಗುಂಡಿಗಳಿದ್ದರೆ, ಆ ಹಣ ಮರ ಮತ್ತು ಕೆಲಸಗಾರಿಕೆಯಿಂದ ಕಡಿತವಾಗಿರುವ ಸಂಭವವೇ ಹೆಚ್ಚು. ಮನೆಯಲ್ಲಿ ಕಲಿಯುವವರಿಗೆ ಇವು ಅನಗತ್ಯ.

ಹವಾಮಾನದ ಪರಿಣಾಮ

ಗಿಟಾರ್‌ನ ಮರಕ್ಕೆ 45ರಿಂದ 55 ಶೇಕಡಾ ತೇವಾಂಶ ಹಿತಕರ. ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ತೇವಾಂಶ ಇದಕ್ಕಿಂತ ಕೆಳಗಿಳಿದು, ಮಳೆಗಾಲದಲ್ಲಿ ಮೇಲೇರುತ್ತದೆ. ತೇವ ಹೀರಿದ ಮೇಲ್ಹಲಗೆ ಉಬ್ಬಿ ತಂತಿಗಳು ಎತ್ತರವಾಗುತ್ತವೆ; ಬೇಸಿಗೆಯಲ್ಲಿ ಹಲಗೆ ಕುಗ್ಗಿ ತಂತಿಗಳು ಕೆಳಗಿಳಿದು ಮೆಟ್ಟಿಗೆ ತಾಗಿ ಜುಮ್ಮೆನ್ನಬಹುದು. ದಂಡಿಯ ಮರವೂ ಕುಗ್ಗಿ ಮೆಟ್ಟುಗಳ ತುದಿಗಳು ಕೈಗೆ ಚುಚ್ಚತೊಡಗುತ್ತವೆ. ಈ ಕಾರಣದಿಂದ, ಒಂದೇ ಹಲಗೆಯ ಗಿಟಾರ್‌ಗಿಂತ ಪ್ಲೈವುಡ್ ಗಿಟಾರ್ ಅಜಾಗರೂಕ ಬಳಕೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಯಾವುದನ್ನೇ ಆದರೂ ಬಿಸಿಲು ಬೀಳುವ ಕಿಟಕಿಯ ಬಳಿ, ನಿಲ್ಲಿಸಿದ ಕಾರಿನೊಳಗೆ ಅಥವಾ ತೇವದ ಹೊರಗೋಡೆಗೆ ಒರಗಿಸಿ ಇಡಬಾರದು.

ಬಳಸಿದ ಗಿಟಾರ್

ಬಿಟಿಎಂ ಬಡಾವಣೆಯಂಥ, ಉದ್ಯೋಗಸ್ಥರೂ ವಿದ್ಯಾರ್ಥಿಗಳೂ ಪಿ.ಜಿ.ಗಳಲ್ಲಿ ವಾಸಿಸುವ ಪ್ರದೇಶಗಳಲ್ಲಿ ಊರು ಬಿಡುವವರು ಗಿಟಾರ್ ಮಾರುವುದು ಸಾಮಾನ್ಯ. ಸರಿಯಾಗಿ ಪರೀಕ್ಷಿಸಿ ಕೊಂಡರೆ ಇದು ಲಾಭದ ವ್ಯವಹಾರ. ಕುದುರೆಯ ಹಿಂಭಾಗದಲ್ಲಿ ತೆಳು ಕಾಗದದ ತುದಿ ಒಳಕ್ಕೆ ನುಸುಳಿದರೆ ಅಂಟು ಬಿಡುತ್ತಿದೆ ಎಂದರ್ಥ. ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲೂ ದಂಡಿ ಒಡಲನ್ನು ಸೇರುವಲ್ಲೂ ಒಮ್ಮೆಗೇ ಒತ್ತಿದಾಗ, ನಡುವಿನ ಸಂದು ದಪ್ಪ ಕಾಗದದಷ್ಟು ಮಾತ್ರ ಇರಬೇಕು. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿನಲ್ಲಿ ಮೀಟಿ, ಸ್ವರ ಸತ್ತಂತೆ ಕೇಳುವ ಜಾಗಗಳನ್ನು ಗುರುತಿಸಬೇಕು. ಬಣ್ಣದ ಗೀರುಗಳು ಬೆಲೆ ಇಳಿಸಲು ನೆಪವಾದಾವೇ ಹೊರತು ನಾದವನ್ನು ಕೆಡಿಸವು.

ಒಟ್ಟು ವೆಚ್ಚ

2020ರ ದಶಕದ ಮಧ್ಯಭಾಗದಲ್ಲಿ ಭಾರತದ ಮಾರುಕಟ್ಟೆಯಲ್ಲಿ ಹೊಸ ಅಕೌಸ್ಟಿಕ್ ಗಿಟಾರ್‌ಗಳು ಸುಮಾರು 3,000 ರೂಪಾಯಿಯಿಂದ ದೊರೆಯುತ್ತವೆ. ಹೆಸರಾಂತ ಕಂಪನಿಗಳ ಆರಂಭಿಕ ಮಾದರಿಗಳು 10,000 ರೂಪಾಯಿಯ ಆಸುಪಾಸಿನಲ್ಲಿವೆ. ಚೀಟಿಯ ಮೇಲಿನ ಬೆಲೆಗೆ ತಂತಿ, ಚೀಲ ಮತ್ತು ಸೆಟಪ್ ಎಂದು ಕರೆಯುವ ಹೊಂದಾಣಿಕೆಯ ಕೂಲಿಯನ್ನು ಸೇರಿಸಿದಾಗಲೇ ನಿಜವಾದ ಬೆಲೆ ತಿಳಿಯುವುದು. ಟ್ರಸ್ ರಾಡ್ ತಿರುಗುವ, ಸ್ಯಾಡಲ್‌ನಲ್ಲಿ ಅವಕಾಶವಿರುವ, ಮೆಟ್ಟುಗಳು ಶ್ರುತಿಗೆ ಹೊಂದುವ ಗಿಟಾರ್ ಸೆಟಪ್‌ನಿಂದ ಸುಧಾರಿಸುತ್ತದೆ. ಈ ಮೂರರಲ್ಲಿ ಒಂದೂ ಇಲ್ಲದ ಗಿಟಾರ್‌ಗೆ ಹಾಕಿದ ಕೂಲಿ ವ್ಯರ್ಥ. ಮೊದಲ ಬಗೆಯ ವಾದ್ಯಕ್ಕೆ ಎರಡು ಮೂರು ವರ್ಷಗಳ ಕಲಿಕೆಯ ನಂತರವೂ ಮರುಮಾರಾಟದ ಬೆಲೆ ಉಳಿದಿರುತ್ತದೆ. ಎರಡನೆಯದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅಟ್ಟ ಸೇರುತ್ತದೆ, ಅದರೊಂದಿಗೆ ಕಲಿಕೆಯೂ ನಿಲ್ಲುತ್ತದೆ.