ಪತ್ತೇದಾರ ಪುರುಷೋತ್ತಮನಿಗೆ ಬದನವಾಳಿನಲ್ಲೇನು ಕೆಲಸ?

ಎನ್. ನರಸಿಂಹಯ್ಯ ಹೆಸರು ಕೇಳಿದ್ದೀರಾ? ಕೇಳಿಲ್ಲ ಅಂದ್ರೆ ಮನೆಯ ಹಿರಿಯರನ್ನು ಕೇಳಿ, ಕಣ್ಣರಳಿಸ್ತಾರೆ. ಶಾಲೆ ಹೆಚ್ಚು ಓದದ ಈ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು, ಪುರುಷೋತ್ತಮನಂಥ ಪತ್ತೇದಾರರನ್ನು ಮನೆಮಾತು ಮಾಡಿದರು. ಅತ್ತ ಸಿನಿಮಾದಲ್ಲಿ, 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. 007ಕ್ಕೆ ನಮ್ಮ ಉತ್ತರ! (ಆ ಸೂಟು-ಬೂಟು ನನಗೆ ಇವತ್ತಿಗೂ ಇಷ್ಟ.)

ಈ ಕಥೆಗಳ ಯಂತ್ರ ಸರಳ. ಕೊಲೆ ಆಗುತ್ತೆ, ಕೊಲೆಗಾರ ಯಾರು ಗೊತ್ತಿರಲ್ಲ, ಸುಳಿವು ಸಿಗುತ್ತೆ, ಕೈಕೋಳ ಬೀಳುತ್ತೆ. ನಾವು ಇಂಜಿನಿಯರಿಂಗ್‌ನವರ ಭಾಷೆಯಲ್ಲಿ ಹೇಳೋದಾದರೆ, ಕೆಟ್ಟ ಒಂದು ಬಿಡಿಭಾಗ ಬದಲಿಸಿದರೆ ಮಷೀನ್ ಸರಿ. ಊರಿನದೇನೂ ತಪ್ಪಿಲ್ಲ, ತಪ್ಪು ಒಬ್ಬ ಖಳನದು.

ನಂಜನಗೂಡು ತಾಲ್ಲೂಕಿನ ಬದನವಾಳನ್ನು ಈ ಯಂತ್ರಕ್ಕೆ ಹಾಕಿ ನೋಡಿ. ಗಾಂಧೀಜಿ 1927ರಲ್ಲಿ ಬಂದು ಹೋದ ಖಾದಿ ಕೇಂದ್ರದ ಊರು ಇದು. 1993ರ ಮಾರ್ಚ್‌ನಲ್ಲಿ, ಸಿದ್ಧೇಶ್ವರ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಇಲ್ಲಿ ಮೂವರು ದಲಿತರ ಕೊಲೆಯಾಯಿತು. ಕಾರಣ ಹುಡುಕಲು ಭೂತಗನ್ನಡಿ ಬೇಕಿರಲಿಲ್ಲ, ಅದು ದೇವಸ್ಥಾನದ ಬಾಗಿಲಲ್ಲೇ ಇತ್ತು. ಇಂಥ ಕೊಲೆಯಲ್ಲಿ 'ಯಾರು' ಅನ್ನೋ ಪ್ರಶ್ನೆ ಪೊಲೀಸರಿಗೆ, ಕೋರ್ಟಿಗೆ. 'ಯಾಕೆ' ಅನ್ನೋದು ಊರಿಗೇ ಕೇಳಬೇಕಾದ ಪ್ರಶ್ನೆ. ಪುರುಷೋತ್ತಮ ಅದನ್ನು ಕೇಳೋದಿಲ್ಲ, ಕೇಳಿದರೆ ಕೊನೆಯ ಪುಟವೇ ಬರೋದಿಲ್ಲ.

ಆ ಗಲಭೆಯ ನಂತರ ಲಿಂಗಾಯತರ ಮತ್ತು ದಲಿತರ ಕೇರಿಗಳ ನಡುವಿನ ದಾರಿಯೇ ಬಳಕೆ ತಪ್ಪಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ರಾಹುಲ್ ಗಾಂಧಿ ಪಾದಯಾತ್ರೆಯಲ್ಲಿ ಬಂದಾಗ. ನಡುವೆ ಹೋಗಿದ್ದು 29 ವರ್ಷ.