ನೋವಿನ ಲೆಕ್ಕ ಯಾರಿಗಾಗಿ?

ಪ್ರಶ್ನೆ: ವಿಕಲಚೇತನ ಕ್ರೀಡಾಪಟುಗಳ ಗಾಯ, ಕಾಯಿಲೆಗಳನ್ನು ಬೇರೆಯಾಗಿ ದಾಖಲಿಸುವುದೇಕೆ? (ಮಾನ್ವಿಯಿಂದ)

ಅವರ ದೇಹಕ್ಕೆ ಪೆಟ್ಟು ಬೀಳುವ ಬಗೆಯೇ ಬೇರೆ. ನಮ್ಮ ಎಚ್.ಎನ್. ಗಿರೀಶ್ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ತಂಡಗಳ ವೈದ್ಯರು ದಿನದಿನವೂ ದಾಖಲಿಸಿದಾಗ, ಹೆಚ್ಚು ಗಾಯ ಕಂಡದ್ದು ಭುಜದಲ್ಲಿ. ಗಾಲಿಕುರ್ಚಿಯವರಿಗೆ ಭುಜವೇ ಕಾಲು. ಅದು ನೊಂದರೆ ಮನೆಯೊಳಗಿನ ಓಡಾಟವೂ ನಿಲ್ಲುತ್ತದೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಪೆಟ್ಟಿನ ಕೆಳಭಾಗಕ್ಕೆ ನೋವು ಸರಿಯಾಗಿ ತಿಳಿಯದು, ಬೆವರೂ ಸಾಕಷ್ಟು ಬಾರದು. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ದೊಡ್ಡ ಕೂಟಗಳಿಗೆ ಸರಿ, ದೇವದುರ್ಗದ ಮೈದಾನಕ್ಕೇಕೆ ಎನ್ನಬಹುದು. ಕೂಟದ ಲೆಕ್ಕ ಕೆಲವೇ ದಿನಗಳದ್ದು. ಭುಜ ಸವೆಯುವುದು ವರ್ಷಗಟ್ಟಲೆಯ ಅಭ್ಯಾಸದಲ್ಲಿ. ದಿನಾಂಕ, ನೋವಿನ ಜಾಗ, ತಪ್ಪಿದ ಅಭ್ಯಾಸ, ನೋವು ತಿಳಿಯದೆಯೇ ಚರ್ಮ ಕೆಂಪಾದದ್ದು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು. ಬರೆದರೆ ಆಯ್ಕೆ ತಪ್ಪೀತೆಂಬ ಅಂಜಿಕೆ ನಿಜವಾದದ್ದೇ. ಅದಕ್ಕೇ ಆ ಪುಸ್ತಕ ವೈದ್ಯರ ಬಳಿಯೇ ಇರಬೇಕು.