ಹಳೆಯ ಎರಡು ಗಾಡಿಗಳು: ಯಾವುದನ್ನು ಕೊಳ್ಳುವುದು?

ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಅದರ ಕೊಂಬಿನ ಅಲಂಕಾರಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲನ್ನು ಎಣಿಸುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತಾನೆ. ಹಳೆಯ ಮೋಟಾರು ಸೈಕಲ್ಲನ್ನು ಕೊಳ್ಳಹೊರಟ ತರುಣನಿಗೂ ಇದೇ ಜಾಣ್ಮೆ ಬೇಕು. ಇಲ್ಲಿ ತಪ್ಪಿದರೆ ಹೋಗುವುದು ಹಣವೊಂದೇ ಅಲ್ಲ, ಕೆಲವು ವೇಳೆ ಪ್ರಾಣವೂ ಹೌದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವೇಗಪ್ರಿಯರಾದ ತರುಣರ ಮನಸ್ಸನ್ನು ಸೆಳೆಯುವ ಹಳೆಯ ಗಾಡಿಗಳಲ್ಲಿ ಎರಡನ್ನು ತೂಗಿ ನೋಡೋಣ. ಒಂದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್. ಮತ್ತೊಂದು, 1985ರಲ್ಲಿ ನಮ್ಮ ದೇಶದ ರಸ್ತೆಗೆ ಇಳಿದ ಯಮಹಾ ಆರ್‌ಎಕ್ಸ್ 100. ಎರಡರ ತಯಾರಿಕೆಯೂ 1996ರಲ್ಲಿ ನಿಂತಿತು. ಆದುದರಿಂದ ಇಂದು ಸಿಕ್ಕುವ ಯಾವ ಗಾಡಿಗೂ ಕಾಲು ಶತಮಾನಕ್ಕಿಂತ ಹೆಚ್ಚಿನ ವಯಸ್ಸಾಗಿದೆ. 2022ರಿಂದ ಯೆಜ್ಡಿ ಹೆಸರಿನಲ್ಲಿ ಬಂದ ಹೊಸ ಗಾಡಿಗಳು ನಾಲ್ಕು ಹೊಡೆತದ ಎಂಜಿನ್ನಿನವು. ಅವುಗಳ ಮಾತು ಇಲ್ಲಿಲ್ಲ.

ಎರಡೂ ಒಂಟಿ ಸಿಲಿಂಡರಿನ ಟೂ-ಸ್ಟ್ರೋಕ್, ಎಂದರೆ ಎರಡು ಹೊಡೆತದ ಎಂಜಿನ್ನುಗಳು. ಚಕ್ರದಂಡವು ಒಂದು ಸುತ್ತು ಸುತ್ತುವಷ್ಟರಲ್ಲಿ ಸಿಲಿಂಡರಿನಲ್ಲಿ ಒಂದು ಸಾರಿ ಇಂಧನವು ಸ್ಫೋಟಗೊಳ್ಳುತ್ತದೆ. ಯೆಜ್ಡಿಯ ಸಿಲಿಂಡರು 65 ಮಿಲಿಮೀಟರು ಅಗಲ. ಪಿಸ್ಟನ್ನಿನ ಓಟ 75 ಮಿಲಿಮೀಟರು. ಗಾತ್ರ ಸುಮಾರು 249 ಘನ ಸೆಂಟಿಮೀಟರು. ಬಲ ಸುಮಾರು 16 ಅಶ್ವಶಕ್ತಿ. ಯಮಹಾದಲ್ಲಿ ಅಗಲವೂ ಓಟವೂ 50 ಮಿಲಿಮೀಟರು. ಗಾತ್ರ 98 ಘನ ಸೆಂಟಿಮೀಟರು. ಬಲ 11 ಅಶ್ವಶಕ್ತಿ. ಲೀಟರಿನ ಲೆಕ್ಕಕ್ಕೆ ತಂದರೆ ಯೆಜ್ಡಿಗೆ 64, ಯಮಹಾಕ್ಕೆ 112 ಅಶ್ವಶಕ್ತಿ! ಚಿಕ್ಕದಕ್ಕೆ ಈ ಹೆಚ್ಚಳ ಎಲ್ಲಿಂದ ಬಂತು?

ಮೊದಲನೆಯ ಕಾರಣ ವೇಗ. ಯಮಹಾ ತನ್ನ ಪೂರ್ಣ ಬಲವನ್ನು ಕೊಡುವುದು ನಿಮಿಷಕ್ಕೆ 7,500 ಸುತ್ತುಗಳಲ್ಲಿ. ಎಂದರೆ ಸೆಕೆಂಡಿಗೆ 125 ಸ್ಫೋಟಗಳು. ಎರಡನೆಯದು ರೀಡ್ ವಾಲ್ವು. ತೆಳುವಾದ ಈ ಎಲೆಗಳು ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಕ್ಕೆ ಬಿಡುತ್ತವೆ, ಹಿಂದಕ್ಕೆ ಹೋಗಗೊಡುವುದಿಲ್ಲ. ನಮ್ಮ ಹೃದಯದ ಕವಾಟಗಳಂತೆಯೇ. ಯೆಜ್ಡಿಯಲ್ಲಿ ಈ ಎಲೆಗಳಿಲ್ಲ. ಪಿಸ್ಟನ್ನೇ ದ್ವಾರವನ್ನು ತೆರೆದು ಮುಚ್ಚುತ್ತದೆ. ಆದರೆ ದೊಡ್ಡ ಸಿಲಿಂಡರಿನ ದೆಸೆಯಿಂದ ಅದರ ತಿರುಗಿಸುವ ಬಲವು ಯಮಹಾದ ಬಲದ ಎರಡರಷ್ಟಕ್ಕೂ ಮೀರಿದುದು.

ಹಾಗಾದರೆ ಓಟದಲ್ಲಿ ಯಾವುದು ಮೇಲು? ಅಶ್ವಶಕ್ತಿಯೊಂದನ್ನೇ ನೋಡಿದರೆ ಸಾಲದು. ಪ್ರತಿಯೊಂದು ಅಶ್ವಶಕ್ತಿಯೂ ಎಷ್ಟು ತೂಕವನ್ನು ಎಳೆಯಬೇಕೆಂಬುದನ್ನು ನೋಡಬೇಕು. ಯೆಜ್ಡಿ ಸುಮಾರು 140 ಕಿಲೋಗ್ರಾಂ, ಯಮಹಾ ಸುಮಾರು 103. ಬರಿಯ ಗಾಡಿಗಳನ್ನು ಹೋಲಿಸಿದರೆ ಅಶ್ವಶಕ್ತಿಗೆ ಕ್ರಮವಾಗಿ 8.8 ಮತ್ತು 9.4 ಕಿಲೋಗ್ರಾಂ, ಹೆಚ್ಚುಕಡಿಮೆ ಸಮ. 60 ಕಿಲೋಗ್ರಾಂ ತೂಗುವ ಇಬ್ಬರು ಕುಳಿತರೆ ಲೆಕ್ಕವು 16.3 ಮತ್ತು 20.3 ಆಗುತ್ತದೆ. ಹೊರೆ ಏರಿದಷ್ಟೂ ಹಗುರವಾದ ಗಾಡಿಯ ಮೇಲ್ಮೆ ಕರಗುತ್ತದೆ. ಗೌರಿಬಿದನೂರಿನ ಬಯಲು ರಸ್ತೆಯಲ್ಲಿ ಒಬ್ಬನೇ ಹೋಗುವವನಿಗೆ ಯಮಹಾ ಹಿತ; ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಮೂಟೆಯನ್ನು ಒಯ್ಯುವವನಿಗೆ ಯೆಜ್ಡಿಯೇ ಮೇಲು.

ಈ ಅಂಕಿಗಳೆಲ್ಲವೂ ಗಾಡಿ ಹೊಸದಾಗಿದ್ದಾಗಿನವು ಎಂಬುದನ್ನು ಮರೆಯಬಾರದು. ಗಾಳಿಯೂ ಇದರಲ್ಲಿ ಪಾಲುಗೊಳ್ಳುತ್ತದೆ. 1,478 ಮೀಟರು ಎತ್ತರದ ನಂದಿಬೆಟ್ಟದ ತುದಿಯಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದರ ಶೇಕಡಾ 86ರಷ್ಟು ಮಾತ್ರ. ಉರಿಯಲು ಆಮ್ಲಜನಕ ಕಡಿಮೆಯಾದಂತೆ ಬಲವೂ ಸುಮಾರು ಅಷ್ಟೇ ಕುಗ್ಗುತ್ತದೆ.

ಆದರೆ ಏರುವುದಕ್ಕಿಂತ ಇಳಿಯುವುದೇ ಕಠಿಣ ಪರೀಕ್ಷೆ. ಬೆಟ್ಟದ ತುದಿಯು ಚಿಕ್ಕಬಳ್ಳಾಪುರಕ್ಕಿಂತ ಸುಮಾರು 560 ಮೀಟರು ಎತ್ತರ. ಇಬ್ಬರನ್ನು ಹೊತ್ತ ಯೆಜ್ಡಿಯು ಇಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿಯು ನಾಲ್ಕೂವರೆ ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಸಾಕು. ಗಾಳಿಯ ತಡೆ ಮತ್ತು ಚಕ್ರದ ಘರ್ಷಣೆಗಳು ಸ್ವಲ್ಪವನ್ನು ನುಂಗಿದರೂ ಉಳಿದುದರಲ್ಲಿ ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಹೊಮ್ಮಬೇಕು. ಎರಡು ಗಾಡಿಗಳಲ್ಲಿಯೂ ಇರುವುದು ಡ್ರಮ್ ಬ್ರೇಕು. ಅತಿಯಾಗಿ ಕಾದಾಗ ಅದರ ಹಿಡಿತ ಸಡಿಲುತ್ತದೆ. ಎರಡು ಹೊಡೆತದ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ತಡೆಹಿಡಿಯುವುದೂ ಅಲ್ಪ. ಆದುದರಿಂದ ಎಂಜಿನ್ನಿಗೆ ಮೊದಲು ಬ್ರೇಕು, ಟೈರುಗಳನ್ನು ನೋಡಿರಿ. ಬಿರುಕುಬಿಟ್ಟ ಟೈರು ಎಷ್ಟೇ ದಪ್ಪವಾಗಿ ಕಂಡರೂ ನಂಬತಕ್ಕದ್ದಲ್ಲ.

ಅನಂತರ ಎಂಜಿನ್ನು. ನೀವು ಹೋಗುವ ಮೊದಲೇ ಗಾಡಿಯನ್ನು ಚಾಲೂ ಮಾಡಬಾರದೆಂದು ಮಾರುವವರಿಗೆ ತಿಳಿಸಿರಿ. ಸಿಲಿಂಡರನ್ನು ಮುಟ್ಟಿ, ತಣ್ಣಗಿದೆಯೆಂದು ಖಚಿತಪಡಿಸಿಕೊಳ್ಳಿರಿ. ಬೆಂಕಿಕಿಡಿಯನ್ನು ನಿಲ್ಲಿಸಿ ಕಿಕ್ಕರನ್ನು ಮೆಲ್ಲಗೆ ಒತ್ತಿದಾಗ ಕಾಲಿಗೆ ಗಟ್ಟಿಯಾದ ಎದುರೊತ್ತು ತಿಳಿಯಬೇಕು. ತಿಳಿಯದಿದ್ದರೆ ಪಿಸ್ಟನ್ನು, ರಿಂಗುಗಳು ಸವೆದಿವೆ. ಚಾಲೂ ಆದೊಡನೆ ಸ್ವಲ್ಪ ಹೊಗೆ ಸಹಜ. ಎಂಜಿನ್ನು ಕಾದ ಮೇಲೆಯೂ ದಟ್ಟವಾದ ಬಿಳಿಹೊಗೆ ಬರುತ್ತಿದ್ದರೆ, ಸವೆದ ಸೀಲಿನ ಮೂಲಕ ಗೇರುಪೆಟ್ಟಿಗೆಯ ಎಣ್ಣೆ ಒಳಸೇರುತ್ತಿರಬಹುದು. ಸಿಲಿಂಡರನ್ನು ಎಷ್ಟು ಸಾರಿ ರೀಬೋರ್ ಮಾಡಿಸಿದೆಯೆಂದೂ ಕೇಳಿರಿ. ಯಮಹಾದ 50 ಮಿಲಿಮೀಟರು 51 ಆಗಿದ್ದರೆ ಗಾತ್ರವು 4 ಘನ ಸೆಂಟಿಮೀಟರಿನಷ್ಟು ಬೆಳೆದಿರುತ್ತದೆ. ಆದರೆ ಇನ್ನೊಮ್ಮೆ ಕೊರೆಯಲು ಲೋಹವು ಉಳಿದಿರುವುದು ಸಂದೇಹ.

ಕೊನೆಗೆ ಕಾಗದಪತ್ರ. ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದುದರಿಂದ ಈ ಊರುಗಳ ಹಳೆಯ ಗಾಡಿಯ ಮೇಲೆ ಕೋಲಾರದ ಕೆಎ-07 ಸಂಖ್ಯೆ ಇದ್ದರೆ ಆಶ್ಚರ್ಯವಿಲ್ಲ. ಆದರೆ ಚಾಸಿಸ್ ಮತ್ತು ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಗಳು ನೋಂದಣಿ ಪತ್ರದೊಡನೆ ಅಕ್ಷರಶಃ ಹೊಂದಬೇಕು. ಹದಿನೈದು ವರ್ಷಗಳ ಅವಧಿ ಮುಗಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿರಬೇಕು. ಇದಿಲ್ಲದ ಗಾಡಿ ಎಷ್ಟು ಅಗ್ಗವಾದರೂ ದುಬಾರಿಯೇ.

ಯೆಜ್ಡಿಯೋ ಯಮಹಾವೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನಿಮ್ಮ ಹೊರೆ ಎಷ್ಟು, ದಾರಿ ಎಂತಹುದು ಎಂಬುದು ಮಾದರಿಯನ್ನು ನಿರ್ಧರಿಸಲಿ. ಕಣ್ಣೆದುರಿಗಿರುವ ಗಾಡಿಯ ಸ್ಥಿತಿ ವ್ಯಾಪಾರವನ್ನು ನಿರ್ಧರಿಸಲಿ. ಸವೆದ ರೋಡ್‌ಕಿಂಗಿಗಿಂತ ಸುಸ್ಥಿತಿಯ ಆರ್‌ಎಕ್ಸ್ ಲೇಸು. ತಿರುಚಿ ಕೆಡಿಸಿದ ಆರ್‌ಎಕ್ಸಿಗಿಂತ ಒಬ್ಬನೇ ಒಡೆಯನ ಕೈಯಲ್ಲಿ ಜೋಪಾನವಾಗಿ ಉಳಿದ ಯೆಜ್ಡಿ ಲೇಸು. ಬಣ್ಣವನ್ನು ಎಂದು ಬೇಕಾದರೂ ಹೊಡೆಸಬಹುದು. ಬ್ರೇಕು ಮಾತ್ರ ಮೊದಲ ದಿನದಿಂದಲೇ ಹಿಡಿಯಬೇಕು.